ಜವಳಿ ಕೊರತೆ

ಜನವರಿ ೮

ಪ್ರೀತಿಯ ಮಾಮ,

ಬಂದು ತಲುಪಿದೆ, ರೂಮು ಸಿಕ್ಕಿತು, ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೇನೆ. ನೀನು ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಕೊಟ್ಟುಬಿಟ್ಟೆ. ಇನ್ನು ನೆಮ್ಮದಿಯಾಗಿ ಮುಂದಕ್ಕೆ ಓದು.

ಖಜಾನೆ ಇಲಾಖೆಯ ಪ್ರಕಟಣಾ ವಿಭಾಗ ಎಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ. ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ನಾಲ್ಕು ಮೇಜು, ಒಂದೇ ಕಿಟಕಿ. ಆ ಕಿಟಕಿಯ ಪಕ್ಕ ನಮ್ಮ ಮೇಡಂ. ಅವರಿಗೆ ಎರಡು ಕನ್ನಡಕ: ಕಾಗದ ಓದುವುದಕ್ಕೆ ಒಂದು, ನಮ್ಮನ್ನು ನೋಡುವುದಕ್ಕೆ ಇನ್ನೊಂದು. ಎರಡನೆಯದನ್ನು ಹಾಕಿಕೊಂಡರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಆರು ತಿಂಗಳು ನನ್ನನ್ನು ಪರೀಕ್ಷೆ ಮಾಡಿ ಆಮೇಲೆ ಖಾಯಂ ಮಾಡುತ್ತಾರಂತೆ.

ಬಜೆಟ್ ಬಂದ ಮರುದಿನ ಮನೆಮನೆಗೆ ಪತ್ರಿಕೆಯ ಜೊತೆ ಒಂದು ಪುಟ್ಟ ಪುಸ್ತಕ ಹಂಚುತ್ತಾರಲ್ಲ, ನೀನು ಅಂಗಡಿಯಲ್ಲಿ ಅದರ ಹಾಳೆ ಹರಿದು ಶರಟಿನ ಗುಂಡಿ ಕಟ್ಟಿಕೊಡುತ್ತಿದ್ದೆಯಲ್ಲ, ಅದನ್ನು ಈ ಸಲ ಬರೆಯುವವಳು ನಾನು! ಮೇಡಂ ಮೊದಲ ದಿನವೇ ಹೇಳಿದರು: “ಓದು ಬರಹ ಗೊತ್ತಿದ್ದು ಅರ್ಥಶಾಸ್ತ್ರ ಗೊತ್ತಿಲ್ಲದ ಒಬ್ಬರನ್ನ ಹಿಡ್ಕೊ. ಅವರಿಗೆ ಅರ್ಥ ಆದ್ರೆ ಊರಿಗೆಲ್ಲ ಅರ್ಥ ಆದಂಗೆ.” ನಾನು ಹುಡುಕುತ್ತಾ ಹೋಗಬೇಕಾಗಲಿಲ್ಲ. ಕರಡು ಇದರ ಜೊತೆಗಿದೆ. ದಯವಿಟ್ಟು ಇದರಲ್ಲೂ ಗುಂಡಿ ಕಟ್ಟಬೇಡ.

ನನಗೆ ಕೊಟ್ಟಿರುವ ಮುಖ್ಯ ವಿಷಯ ಎರಡು ಕೊರತೆಗಳದ್ದು. ಸರ್ಕಾರದ ಬಜೆಟ್ಟಿನಲ್ಲಿ ಒಂದು ಕೊರತೆ, ದೇಶದ ಚಾಲ್ತಿ ಖಾತೆಯಲ್ಲಿ ಇನ್ನೊಂದು ಕೊರತೆ, ಇವೆರಡೂ ಸಾಮಾನ್ಯವಾಗಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಪುಸ್ತಕಗಳಲ್ಲಿ ಇದಕ್ಕೆ ‘ಅವಳಿ ಕೊರತೆ’ ಎನ್ನುತ್ತಾರೆ. ನಾನು ಮಾತ್ರ ತಲೆಬರಹದಲ್ಲಿ ‘ಅವಳಿ-ಜವಳಿ ಕೊರತೆ’ ಎಂದು ಬರೆದಿದ್ದೇನೆ. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ. ನಮ್ಮ ಬೀದಿಯವರೆಲ್ಲ ಅಮ್ಮನನ್ನು ಅವಳಿ ಎಂದೂ ನಿನ್ನನ್ನು ಜವಳಿ ಎಂದೂ ಕರೆಯುತ್ತಿದ್ದರು. ಯಾರಾದರೂ ಅವಳನ್ನು ಬರೀ ‘ಅವಳಿ’ ಎಂದರೆ, “ಇನ್ನೊಂದು ಎಲ್ಲಿ ಬಿಟ್ರಿ?” ಎಂದು ಅಮ್ಮ ಕೇಳದೆ ಬಿಡುತ್ತಿರಲಿಲ್ಲ. ಆಮೇಲೆ ನೀನು ಬಟ್ಟೆ ಅಂಗಡಿ ಹಾಕಿದ್ದರಿಂದ ಆ ತಮಾಷೆ ಬೋರ್ಡಿಗೇ ಏರಿತು. ಅವಳು ಇಲ್ಲವಾದ ಮೇಲೂ ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ನನ್ನ ಕೈ ಬರುವುದಿಲ್ಲ.

ನಿನ್ನ
ಚೂಟಿ

---

ಜನವರಿ ೧೯

ಚೂಟಿ,

ನಿನ್ನ ಕರಡನ್ನು ಎರಡು ಸಲ ಓದಿದೆ. ಮೊದಲನೇ ಸಲ ನಿದ್ದೆ ಬಂತು. ಎರಡನೇ ಸಲ ಸಿಟ್ಟು ಬಂತು. ಸಿಟ್ಟು ಬಂದಿದೆ ಎಂದರೆ ಸ್ವಲ್ಪ ಅರ್ಥವಾಗಿದೆ ಎಂದೇ ತಿಳಿ.

ಚಾಲ್ತಿ ಖಾತೆ ಅಂತ ಬರೆದಿದ್ದೀಯ. ನನಗೂ ಬ್ಯಾಂಕಿನಲ್ಲಿ ಒಂದು ಚಾಲ್ತಿ ಖಾತೆ ಇದೆ, ಅಂಗಡಿಯದು. ಅದರಲ್ಲಿ ಕೊರತೆ ಬಿದ್ದರೆ ಮ್ಯಾನೇಜರ್ ನನಗೆ ಫೋನು ಮಾಡುತ್ತಾನೆ. ದೇಶದ ಖಾತೆ ಯಾವ ಬ್ಯಾಂಕಿನಲ್ಲಿದೆ? ಅವರಿಗೆ ಫೋನು ಮಾಡುವವರು ಯಾರು? ಪಕ್ಕದ ಟೈಲರಣ್ಣನಿಗೂ ಓದಿ ಹೇಳಿದೆ. ಅವನು ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡೇ, “ಸರ್ಕಾರ ಜಾಸ್ತಿ ಖರ್ಚು ಮಾಡಿದ್ರೆ ಹಡಗಲ್ಲಿ ಸಾಮಾನು ಜಾಸ್ತಿ ಯಾಕೆ ಬರ್ಬೇಕು? ಮಂತ್ರಿಗಳೇನು ಶರಟು ತರಿಸ್ಕೋತಾರಾ?” ಎಂದ. ನನಗೂ ಅದೇ ಪ್ರಶ್ನೆ. ನೀನು ಎರಡು ಕೊರತೆ ಇದೆ ಎಂದು ಹೇಳಿ ಮುಂದಕ್ಕೆ ಹೋಗಿಬಿಟ್ಟೆ. ನಡುವೆ ಏನಿದೆ ಎಂದು ಹೇಳಲೇ ಇಲ್ಲ.

ತಲೆಬರಹ ನೋಡಿದೆ. ಅಂಗಡಿಯ ಒಳಗೆ ಹೋಗಿ ಸ್ವಲ್ಪ ಹೊತ್ತು ಬಟ್ಟೆಯ ಥಾನುಗಳನ್ನು ಜೋಡಿಸಿಟ್ಟು ಬಂದೆ.

ತಣ್ಣೀರು ಕುಡಿಯಬೇಡ, ನಿನಗೆ ಬೇಗ ಗಂಟಲು ಕಟ್ಟುತ್ತದೆ.

ಜವಳಿ ಮಾಮ

---

ಫೆಬ್ರವರಿ ೨

ಪ್ರೀತಿಯ ಮಾಮ,

ನಿನ್ನ ಬ್ಯಾಂಕಿನ ಖಾತೆಯ ಮಾತು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ನಾಚಿಕೆಯಾಯಿತು. ತಪ್ಪು ನಿನ್ನದಲ್ಲ, ಎರಡಕ್ಕೂ ಒಂದೇ ಹೆಸರಿಟ್ಟವರದ್ದು, ಅದನ್ನು ಬಿಡಿಸಿ ಹೇಳದ ನನ್ನದು. ಪೂರ್ತಿ ಹೊಸದಾಗಿ ಬರೆದಿದ್ದೇನೆ. ನೋಡು.

ದೇಶದ ಚಾಲ್ತಿ ಖಾತೆ ಯಾವ ಬ್ಯಾಂಕಿನಲ್ಲೂ ಇಲ್ಲ, ಅದು ಬರೀ ಒಂದು ಲೆಕ್ಕ. ನಾವು ಹೊರದೇಶಗಳಿಗೆ ಮಾರಿ, ದುಡಿದು ಗಳಿಸಿದ್ದು ಒಂದು ಕಡೆ. ಅವರಿಂದ ಕೊಂಡಿದ್ದು, ಅವರಿಗೆ ಕಟ್ಟಿದ ಬಡ್ಡಿ ಇನ್ನೊಂದು ಕಡೆ. ಎರಡನೆಯದು ಹೆಚ್ಚಾದರೆ ಚಾಲ್ತಿ ಖಾತೆಯ ಕೊರತೆ. ಸರ್ಕಾರ ತೆರಿಗೆಯಿಂದ ಪಡೆದದ್ದಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಅದು ಬಜೆಟ್ಟಿನ ಕೊರತೆ.

ಈಗ ಟೈಲರಣ್ಣನ ಪ್ರಶ್ನೆ. ಸೇತುವೆ ಕಟ್ಟಿದ ವರ್ಷ ನೆನಪಿದೆಯಾ? ಸರ್ಕಾರ ಸಾಲ ಮಾಡಿ ಕಟ್ಟಿಸಿತು. ಕೆಲಸದವರ ಕೈಗೆ ಕೂಲಿ ಬಂತು. ಅವರು ನಿನ್ನ ಅಂಗಡಿಗೆ ಬಂದು ಪರದೆ ಬಟ್ಟೆ, ಹೊದಿಕೆ, ಪ್ಯಾಂಟಿನ ಬಟ್ಟೆ ಕೊಂಡರು. ಆ ಬಟ್ಟೆಯ ಬೇಲುಗಳು ಎಲ್ಲಿಂದ ಬಂದವು? ಹಡಗಿನಿಂದ. ಮಂತ್ರಿಗಳು ಶರಟು ತರಿಸಿಕೊಳ್ಳಲಿಲ್ಲ, ಟೈಲರಣ್ಣನ ಗಿರಾಕಿಗಳು ತರಿಸಿಕೊಂಡರು!

ಇನ್ನೊಂದು ದಾರಿಯೂ ಇದೆ. ಜನ ಉಳಿಸಿಟ್ಟ ಹಣವನ್ನು ಒಂದು ತೊಟ್ಟಿಯ ನೀರು ಅಂದುಕೊ. ಮನೆ ಕಟ್ಟುವವರು, ಕಾರ್ಖಾನೆ ಹಾಕುವವರು, ಸಾಲ ಮಾಡುವ ಸರ್ಕಾರ, ಎಲ್ಲರೂ ಅದರಿಂದಲೇ ಮೊಗೆಯಬೇಕು. ಸರ್ಕಾರ ದೊಡ್ಡ ಕೊಡ ತಂದರೆ ಉಳಿದವರಿಗೆ ಸಾಲದು. ಆಗ ಹೊರಗಿನವರ ಉಳಿತಾಯವನ್ನು ತರಿಸಿಕೊಳ್ಳುತ್ತೇವೆ. ಹಾಗೆ ಹೊರಗಿನಿಂದ ಪಡೆದಷ್ಟೂ ನಾವು ಮಾರಿದ್ದಕ್ಕಿಂತ ಹೆಚ್ಚಾಗಿ ಕೊಂಡಿದ್ದೇವೆ ಎಂದೇ ಲೆಕ್ಕ.

ಮೇಡಂಗೆ ಇಷ್ಟವಾಯಿತು. ಮೊದಲನೇ ಕನ್ನಡಕದಲ್ಲೇ ಓದಿ ಮುಗಿಸಿದರು. ಕೊನೆಗೆ ಮಾತ್ರ, “ಜನರ ನಾಲಿಗೆ ಮೇಲೆ ನಿಲ್ಲೋ ಒಂದು ಸಾಲು ಬೇಕು. ಸರ್ಕಾರ ಖರ್ಚು ಬಿಗಿ ಹಿಡಿದ್ರೆ ಎಲ್ಲ ಸರಿಹೋಗುತ್ತೆ ಅನ್ನೋ ಥರ” ಎಂದರು. ನಾನು ತಕ್ಷಣ ಬರೆದುಕೊಟ್ಟೆ: ‘ಇವು ಅವಳಿ-ಜವಳಿ. ಒಂದು ಹೋದರೆ ಇನ್ನೊಂದೂ ತಾನಾಗಿ ಹೋಗುತ್ತದೆ.’ ಚೆನ್ನಾಗಿದೆ ಎಂದು ಬೆನ್ನು ತಟ್ಟಿದರು. ನಾಳೆ ಎಲ್ಲವೂ ಪ್ರೆಸ್ಸಿಗೆ.

ನೀನು ಸಿಟ್ಟು ಮಾಡಿಕೊಂಡು ಓದಿದ್ದಕ್ಕೆ ಇದು ಓದುವ ಹಾಗಾಯಿತು. ತುಂಬ ಥ್ಯಾಂಕ್ಸ್ ಮಾಮ.

ನಿನ್ನ
ಚೂಟಿ

---

ಮಾರ್ಚ್ ೫

ಚೂಟಿ,

ಅಂಗಡಿ ಹಾಕಿದಾಗಿನಿಂದ ಇಂಥ ವ್ಯಾಪಾರ ನಾನು ನೋಡಿಲ್ಲ. ಇದಕ್ಕೆಲ್ಲ ನೀನೇ ಕಾರಣ, ಆದ್ದರಿಂದ ಕೂತು ಓದು.

ಬೆಳಗ್ಗೆ ಷಟರ್ ಎತ್ತುವ ಮೊದಲೇ ಬಾಗಿಲಲ್ಲಿ ಜನ. ಮುಂದೆ ನಿಂತಿದ್ದ ಶಾಲೆಯ ಟೀಚರಮ್ಮ, “ಅಣ್ಣಾ, ಯೂನಿಫಾರ್ಮ್ ಬಟ್ಟೆ ಇರೋದೆಲ್ಲ ತೆಗೀರಿ, ಮೂರು ವರ್ಷಕ್ಕಾಗೋವಷ್ಟು” ಎಂದರು. ಹಿಂದಿನವರು, “ಎಲ್ಲ ಅವರಿಗೇ ಕೊಡ್ಬೇಡಿ, ನಮಗೂ ಮಕ್ಕಳಿವೆ” ಎಂದು ಕೂಗಿದರು. ಒಬ್ಬ ಹಿರಿಯರು ಹಾಸಿಗೆ ಬಟ್ಟೆಯ ಥಾನನ್ನೇ ತಬ್ಬಿಕೊಂಡು ನಿಂತರು. ನನಗೆ ತಲೆಬುಡ ತಿಳಿಯಲಿಲ್ಲ. ಏನಾಗಿದೆ ಎಂದರೆ ನಿನ್ನ ಪುಸ್ತಕವನ್ನೇ ಮುಖಕ್ಕೆ ಹಿಡಿದರು.

ಹನ್ನೊಂದನೇ ಪುಟದ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ‘ಅವಳಿ-’ ಇದೆ. ಹಾಳೆ ಮಗುಚಿದರೆ ಹನ್ನೆರಡನೇ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ: ‘ಜವಳಿ ಕೊರತೆ ಹೆಚ್ಚುತ್ತಿರುವುದೇಕೆ?’ ಅದರ ಕೆಳಗೆ ಚಿತ್ರ. ಹಡಗು, ಹಡಗಿನ ತುಂಬ ಬಟ್ಟೆಯ ಬೇಲು! ಖಜಾನೆ ಇಲಾಖೆಯೇ ಬಟ್ಟೆ ಸಿಗುವುದಿಲ್ಲ ಎಂದು ಹೇಳಿದ ಮೇಲೆ ಜನ ಇನ್ಯಾರ ಮಾತು ಕೇಳುತ್ತಾರೆ?

ಪೇಟೆಯ ಆ ತುದಿಯ ಅಂಗಡಿಯವನು ಮಧ್ಯಾಹ್ನದ ಹೊತ್ತಿಗೆ ಬೆಲೆ ಏರಿಸಿದ. ನನಗೂ ಆಸೆ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಣ್ಣ ಮಾಸಿದ ಪರದೆ ಬಟ್ಟೆ ಎಷ್ಟಿದೆ ಎಂದು ನಿನಗೇ ಗೊತ್ತು. ಆದರೆ ನೀನು ಬರೆದದ್ದನ್ನು ತಪ್ಪಾಗಿ ಓದಿದವರಿಂದ ಲಾಭ ಮಾಡಿಕೊಂಡರೆ ನಾಳೆ ನಿನ್ನ ಮುಖ ಹೇಗೆ ನೋಡಲಿ? ಸ್ಟೂಲು ಹತ್ತಿ ನಿಂತು ಹನ್ನೊಂದನೇ ಪುಟದಿಂದ ಗಟ್ಟಿಯಾಗಿ ಓದಿದೆ. ಸೇತುವೆಯ ಕತೆ, ತೊಟ್ಟಿಯ ಕತೆ, ಎಲ್ಲ. ಸೇತುವೆಯಲ್ಲಿ ಕೆಲಸ ಮಾಡಿದ್ದ ಒಬ್ಬ, “ಓ, ಹಂಗಾದ್ರೆ ಇದು ನಮ್ ಪ್ಯಾಂಟಿನ ಕತೆ!” ಎಂದ. ಎಲ್ಲರೂ ನಕ್ಕರು. ಅರ್ಧ ಜನ ಏನೂ ಕೊಳ್ಳದೆ ಹೋದರು. ಟೀಚರಮ್ಮ ಮಾತ್ರ ಮೂರು ವರ್ಷದ ಬಟ್ಟೆ ತಗೊಂಡೇ ಹೋದರು, ಅವರಿಗೆ ಯಾರ ಮೇಲೂ ನಂಬಿಕೆ ಇಲ್ಲ.

ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದೆ. ‘ಒಂದು ಹೋದರೆ ಇನ್ನೊಂದೂ ತಾನಾಗಿ ಹೋಗುತ್ತದೆ.’ ಅಷ್ಟು ಜನರ ಮುಂದೆ ಅದನ್ನು ಓದಲಿಲ್ಲ. ಪುಸ್ತಕ ಮುಚ್ಚಿ ಕೆಳಗಿಳಿದೆ.

ಉಳಿದದ್ದೆಲ್ಲ ಚೆನ್ನಾಗಿದೆ. ಆ ಸಾಲು ಸರಿಯಿಲ್ಲ ಚೂಟಿ. ನಾನಿನ್ನೂ ಇದ್ದೀನಲ್ಲ.

ಜವಳಿ ಮಾಮ

---

ಮಾರ್ಚ್ ೧೪

ಮಾಮ,

ನಿನ್ನ ಪತ್ರದ ಕೊನೆಯ ಸಾಲು ಓದಿ ಬಚ್ಚಲಿಗೆ ಹೋಗಿ ಅತ್ತೆ. ನಾಲಿಗೆಯ ಮೇಲೆ ನಿಲ್ಲುವ ಸಾಲು ಬೇಕು ಎಂಬ ಆತುರದಲ್ಲಿ ಅದು ನಿನ್ನ ಎದೆಯಲ್ಲಿ ಎಲ್ಲಿ ನಾಟುತ್ತದೆ ಎಂದು ಯೋಚಿಸಲೇ ಇಲ್ಲ.

ಇಲ್ಲೂ ಗಲಾಟೆಗೆ ಕೊನೆಯಿಲ್ಲ. ಬೇರೆ ಊರುಗಳಲ್ಲೂ ಬಟ್ಟೆಗೆ ಸಾಲು ನಿಂತಿದ್ದಾರೆ. ಪ್ರೆಸ್ಸಿನವರು ಕೊನೆ ಗಳಿಗೆಯಲ್ಲಿ ಚಿತ್ರ ಸೇರಿಸಿದ್ದರಿಂದ ತಲೆಬರಹ ಜಾರಿ ಎರಡು ತುಂಡಾಯಿತು. ಆದರೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿಲ್ಲದ ‘ಜವಳಿ’ಯನ್ನು ತಂದು ಸೇರಿಸಿದವಳು ನಾನು. ಮೇಡಂ ಎರಡನೇ ಕನ್ನಡಕ ಹಾಕಿಕೊಂಡು ಕರೆದರು. “ಇಷ್ಟು ದಿನ ಎಲ್ಲರೂ ಅವಳಿ ಅಂತ ಬರೆದ್ರಲ್ಲ, ನಿಂಗೇನಮ್ಮ ಬಂದಿತ್ತು?” ನಾನು ಏನು ಹೇಳಲಿ? ನಮ್ಮಮ್ಮ ಬೈಯುತ್ತಿದ್ದಳು ಎನ್ನಲೇ?

ತಿದ್ದಿದ ಮುದ್ರಣ ಬರಬೇಕು. ಸೋಮವಾರ ನಾನು ಪ್ರತಿಗೆ ಸಹಿ ಹಾಕಿ ಕೊಡಬೇಕು. ‘ಜವಳಿ’ ತೆಗೆಯುವುದು, ಕೊನೆಯ ಸಾಲು ಹಾಗೇ ಬಿಡುವುದು. ಇದಿಷ್ಟು ಅಪ್ಪಣೆ.

ಆ ಸಾಲು ನಿನಗೆ ನೋವು ಮಾಡಿತು ಎಂಬುದಷ್ಟೇ ಆಗಿದ್ದರೆ ನಿನ್ನ ಕಾಲು ಹಿಡಿದು ಕ್ಷಮೆ ಕೇಳಿ ಸುಮ್ಮನಾಗುತ್ತಿದ್ದೆ. ಆದರೆ ಅದು ನಿಜವಾಗಿಯೂ ತಪ್ಪು ಮಾಮ. ಎರಡು ಕೊರತೆಗಳು ನೇರವಾಗಿ ಕೈ ಹಿಡಿದುಕೊಂಡಿಲ್ಲ. ನಡುವೆ ಮೂರನೆಯದೊಂದಿದೆ: ಜನ ಮತ್ತು ಕಂಪನಿಗಳು ಎಷ್ಟು ಉಳಿಸುತ್ತಾರೆ, ಎಷ್ಟನ್ನು ಹೊಸದಾಗಿ ಕಟ್ಟುವುದಕ್ಕೆ ಹಾಕುತ್ತಾರೆ ಎಂಬುದು. ಸರ್ಕಾರ ಬಿಗಿ ಹಿಡಿದ ವರ್ಷವೇ ಜನ ಉಳಿಸುವುದು ಬಿಟ್ಟು ಮನೆ, ಕಾರ್ಖಾನೆ ಕಟ್ಟತೊಡಗಿದರೆ ಹೊರಗಿನ ಕೊರತೆ ಹಾಗೆಯೇ ಉಳಿಯಬಹುದು, ಬೆಳೆಯಲೂಬಹುದು. ಸರ್ಕಾರದ ಕೊರತೆ ಏರಿದಾಗ ಜನ ಹೆದರಿ ಖರ್ಚು ನಿಲ್ಲಿಸಿದರೆ ಹೊರಗಿನದು ಇಳಿಯಲೂಬಹುದು. ಎಷ್ಟೋ ಸಲ ಒಟ್ಟಿಗೆ ನಡೆಯುತ್ತವೆ, ನಿಜ. ಯಾವಾಗಲೂ ಅಲ್ಲ.

ಮೇಡಂಗೆ ಇದನ್ನು ಹೇಳಿದೆ. “ಮೂವತ್ತೆರಡು ಪುಟದ ಪುಸ್ತಕ ಇದು, ಪ್ರಬಂಧ ಅಲ್ಲ” ಎಂದರು. ಆದರೆ ಈ ಸಾಲನ್ನು ನಂಬಿ ಜನ ಒಂದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ, ಆಮೇಲೆ ಹೊರಗಿನ ಕೊರತೆ ಹೋಗದಿದ್ದರೆ ಅವರಿಗೆ ಏನು ಹೇಳುವುದು? ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ. ಹಾಕಿದರೆ ನಿನ್ನ ಎದುರು ಬಂದು ಕೂರುವುದಾದರೂ ಹೇಗೆ?

ಚೂಟಿ

---

ಮಾರ್ಚ್ ೧೬

ಚೂಟಿ,

ಸೋಮವಾರದೊಳಗೆ ತಲುಪಲಿ ಎಂದು ಇದನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಳುವಂಥದ್ದೇನೂ ಆಗಿಲ್ಲ. ಕ್ಷಮೆ ಗಿಮೆ ಎಂದರೆ ಕಿವಿ ಹಿಂಡುತ್ತೇನೆ.

ನಡುವೆ ಮೂರನೆಯದೊಂದಿದೆ ಎಂದು ಬರೆದಿದ್ದೀಯಲ್ಲ, ನಿನ್ನ ಅರ್ಥಶಾಸ್ತ್ರದಲ್ಲಿ ನನಗೆ ಒಂದೇ ಓದಿಗೆ ತಿಳಿದದ್ದು ಅದೊಂದೇ. ನಿನ್ನ ಅಮ್ಮ ಹೋದ ಮೇಲೆ ನಾನು ಅಂಗಡಿ ತೆಗೆಯಲಿಲ್ಲ. ನಿನಗೆ ಊಟಕ್ಕಿಟ್ಟು, ಶಾಲೆಗೆ ಕಳಿಸಿ, ಗೋಡೆ ನೋಡುತ್ತಾ ಕೂರುತ್ತಿದ್ದೆ. ಹುಟ್ಟುವಾಗ ಒಟ್ಟಿಗೆ ಬಂದವಳು, ಹೋಗುವಾಗ ನನ್ನನ್ನು ಕರೆಯದೆ ಹೇಗೆ ಹೋದಳು ಎಂಬುದೊಂದೇ ಯೋಚನೆ. ಟೈಲರಣ್ಣ ಬಾಗಿಲು ಬಡಿದರೂ ತೆಗೆಯುತ್ತಿರಲಿಲ್ಲ. ಎಷ್ಟು ದಿನ ಹೀಗೆ ನಡೆಯಿತೋ ನೆನಪಿಲ್ಲ.

ಒಂದು ಬೆಳಗ್ಗೆ ನೀನು ಬಂದು ನನ್ನ ಮುಂದೆ ನಿಂತೆ. “ಮಾಮ, ಲಂಗ ಗಿಡ್ಡ ಆಗಿದೆ. ಟೀಚರ್ ಎದ್ದು ನಿಲ್ಲಿಸ್ತಾರೆ” ಎಂದೆ. ನೋಡಿದರೆ ನಿಜ. ಮೊಣಕಾಲು ಪೂರ್ತಿ ಆಚೆ! ಊರಿಗೆಲ್ಲ ಬಟ್ಟೆ ಮಾರುವವನ ಮನೆಯಲ್ಲೇ ಜವಳಿ ಕೊರತೆ. ನಗು ಬಂತೋ ಅಳು ಬಂತೋ ಗೊತ್ತಿಲ್ಲ. ನಿನ್ನ ಕೈ ಹಿಡಿದುಕೊಂಡು ಹೋಗಿ ಷಟರ್ ಎತ್ತಿ ನೀಲಿ ಥಾನು ಇಳಿಸಿ ಅಳತೆ ಹಾಕಿ ಕತ್ತರಿಸಿದೆ. ಅಷ್ಟರಲ್ಲಿ ಯಾರೋ ಒಬ್ಬರು ಒಳಗೆ ಬಂದು, “ತೆಗ್ದಿದೀರಾ? ದಿಂಬಿನ ಬಟ್ಟೆ ಕೊಡಿ” ಎಂದರು. ಕೊಟ್ಟೆ. ಆ ಷಟರ್ ಆಮೇಲೆ ನಾನು ಹಾಗೆ ಇಳಿಸಿದ್ದಿಲ್ಲ.

ಸಹಿಯ ವಿಷಯ ನಾನು ಹೇಳುವುದಿಲ್ಲ, ಅದು ನಿನ್ನ ಕೆಲಸ, ನಿನಗೆ ಗೊತ್ತು. ಕೆಲಸ ಹೋದರೆ ಇಲ್ಲಿ ಇನ್ನೊಂದು ಕತ್ತರಿ ಇದೆ. ಸಂಬಳ ಕಮ್ಮಿ, ಬೈಗುಳ ಜಾಸ್ತಿ.

ಜವಳಿ ಮಾಮ

---

ಏಪ್ರಿಲ್ ೨

ಮಾನ್ಯರೆ,

ನಿಮ್ಮ ಪತ್ರ ತಲುಪಿತು. ಸೋದರ ಸೊಸೆಗೆ ತಿಳಿಸಬಾರದು ಎಂದು ಕೇಳಿದ್ದೀರಿ. ತಿಳಿಸುವುದಿಲ್ಲ.

‘ಜವಳಿಯನ್ನು ಬೇಕಾದರೆ ಕಿತ್ತುಹಾಕಿ, ಅವಳನ್ನು ಉಳಿಸಿಕೊಳ್ಳಿ’ ಎಂದು ಬರೆದಿದ್ದೀರಿ. ನಾನು ಮೊದಲು ಅದನ್ನು ‘ಅವಳಿಯನ್ನು’ ಎಂದೇ ಓದಿ, ಪದದ ಬಗ್ಗೆ ಸಲಹೆ ಕೊಡುತ್ತಿದ್ದೀರಿ ಎಂದುಕೊಂಡೆ. ಕನ್ನಡಕ ಬದಲಿಸಿ ಓದಿದಾಗ ಅರ್ಥವಾಯಿತು. ನನಗೂ ಒಬ್ಬ ಮಾವ ಇದ್ದರು.

ಆದರೆ ತಾವು ಬರೆಯುವ ಅಗತ್ಯವಿರಲಿಲ್ಲ. ಆ ಸೋಮವಾರವೇ ಆಕೆ ಕೊನೆಯ ಸಾಲು ಹಾಗೇ ಬಿಟ್ಟು ಸಹಿ ಹಾಕದ ಪ್ರತಿಯನ್ನೂ, ಅದನ್ನು ತಿದ್ದಿ ಸಹಿ ಹಾಕಿದ ಇನ್ನೊಂದು ಪ್ರತಿಯನ್ನೂ ನನ್ನ ಮೇಜಿನ ಮೇಲಿಟ್ಟು, “ಯಾವುದು ಹೋದ್ರೂ ನಿಮ್ಮಿಷ್ಟ ಮೇಡಂ, ನನ್ನ ಹೆಸರು ಇದರ ಮೇಲೆ ಮಾತ್ರ ಇರುತ್ತೆ” ಎಂದಳು. ಎರಡನ್ನೂ ಓದಿದೆ. ಎರಡನೆಯದು ಹೆಚ್ಚು ಸರಿ, ನಾಲ್ಕೇ ಸಾಲು ಹೆಚ್ಚು ಉದ್ದ. ಅದನ್ನೇ ಕಳಿಸಿದೆ.

‘ಜವಳಿ’ಯೂ ಇರಲಿ ಎಂದು ನಾನೇ ಹೇಳಿದೆ. ಇಷ್ಟು ವರ್ಷಗಳಲ್ಲಿ ಜನ ನಮ್ಮ ಪುಸ್ತಕವನ್ನು ನಿಜವಾಗಿ ತೆರೆದು ನೋಡಿದ್ದು ಇದೇ ಮೊದಲು.

ಇಂತಿ,
ಮುಖ್ಯಸ್ಥೆ, ಪ್ರಕಟಣಾ ವಿಭಾಗ

ಮ.ಸೂ.: ನೀವು ಸ್ಟೂಲಿನ ಮೇಲೆ ನಿಂತು ಓದಿದ ಸಂಗತಿ ಇಲ್ಲಿಯವರೆಗೂ ಬಂದಿದೆ. ಧನ್ಯವಾದ.

---

ಏಪ್ರಿಲ್ ೧೧

ಪ್ರೀತಿಯ ಮಾಮ,

ಹೊಸ ಮುದ್ರಣದ ಮೊದಲ ಪ್ರತಿ ಇದರ ಜೊತೆಗಿದೆ. ಹನ್ನೆರಡನೇ ಪುಟ ತೆಗೆ. ತಲೆಬರಹ ಪುಟದ ನಟ್ಟನಡುವೆ ಒಂದೇ ಸಾಲಿನಲ್ಲಿದೆ. ಪ್ರೆಸ್ಸಿನಲ್ಲಿ ನಾನು ಎದುರೇ ನಿಂತಿದ್ದೆ. ಪುಟ ಕಟ್ಟುವವರು, “ಇಷ್ಟೊಂದು ಜಾಗ ಸುಮ್ನೆ ಬಿಡ್ಬೇಕಾ?” ಎಂದು ಗೊಣಗಿದರು. ಅವೆರಡನ್ನೂ ಬೇರೆ ಮಾಡಬೇಡಿ, ನಮ್ಮಮ್ಮ ಕೇಳುತ್ತಾಳೆ ಎಂದೆ. ಅವರು ನನ್ನ ಮುಖ ನೋಡಿ ಜಾಗ ಬಿಟ್ಟರು.

ಅವತ್ತು ಇದ್ದಕ್ಕಿದ್ದಂತೆ ಮೇಡಂ ಯಾಕೆ ಕರಗಿದರೋ ನನಗಿನ್ನೂ ತಿಳಿದಿಲ್ಲ. ಖಾಯಂ ಆಗುವುದು ತಡ, ಆರು ತಿಂಗಳ ಪರೀಕ್ಷೆಗೆ ಇನ್ನೂ ಮೂರು ತಿಂಗಳು ಸೇರಿಸಿದ್ದಾರೆ, ಗಲಾಟೆಯ ದಂಡ. ಪರವಾಗಿಲ್ಲ. ನಿನ್ನೆ ಮೊದಲನೇ ಕನ್ನಡಕದಲ್ಲೇ ನನ್ನನ್ನು ನೋಡಿ, “ನಿಮ್ಮ ಮಾವನವರು ಚೆನ್ನಾಗಿದಾರಾ?” ಎಂದು ಕೇಳಿದರು. ನಿನ್ನ ವಿಷಯ ಅವರಿಗೆ ಹೇಗೆ ಗೊತ್ತು? ನೀನೇನಾದರೂ ಮಾಡಿದ್ದೀಯಾ? ಇಲ್ಲ ಎಂದು ಬರೆಯುತ್ತೀಯ, ನನಗೆ ಗೊತ್ತು. ಆದ್ದರಿಂದ ಕೇಳುವುದಿಲ್ಲ.

ಆ ಲಂಗದ ಬೆಳಗ್ಗೆ ನನಗೂ ನೆನಪಿದೆ ಮಾಮ. ನೀನು ಬಟ್ಟೆಗೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಸೊಟ್ಟಗಾಗಿತ್ತು. ಹೊಲಿದು ಬಂದಾಗ ಆ ಲಂಗದ ಅಂಚು ಒಂದು ಕಡೆ ಇಳಿದಿತ್ತು. ಅದನ್ನೇ ಎರಡು ವರ್ಷ ಹಾಕಿಕೊಂಡೆ, ಬೇರೆಯದು ಬೇಡ ಎಂದು ಹಠ ಮಾಡಿದೆ. ಯಾಕೆಂದು ನಿನಗೆ ಆಗ ಅರ್ಥವಾಗಿರಲಿಲ್ಲ. ಅವತ್ತಿನಿಂದ ನೀನು ನನಗೆ ಯಾವುದಕ್ಕೂ ಕೊರತೆ ಆಗದಂತೆ ನೋಡಿಕೊಂಡೆ. ಅದನ್ನು ನಾನು ಬಾಯಿಬಿಟ್ಟು ಒಂದು ಸಲವೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ನೀನು ಉಳಿದೆ, ಅದಕ್ಕೆ ನಾನಿದ್ದೇನೆ.

ಈಗ ಸ್ಟೂಲು ಹತ್ತಿ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದು. ಈ ಸಲ ನಡುವೆ ಪುಸ್ತಕ ಮುಚ್ಚಬೇಕಾಗುವುದಿಲ್ಲ. ನಾನು ಬರೆದದ್ದು ಹೀಗಿದೆ:

‘ಇವು ಅವಳಿ-ಜವಳಿ. ಒಟ್ಟಿಗೆ ಹುಟ್ಟುತ್ತವೆ, ಬಹಳ ಸಲ ಒಟ್ಟಿಗೆ ನಡೆಯುತ್ತವೆ. ಆದರೆ ಒಂದು ಹೋದ ಮಾತ್ರಕ್ಕೆ ಇನ್ನೊಂದು ಹೋಗಬೇಕೆಂದಿಲ್ಲ. ನಡುವೆ ಮೂರನೆಯದೊಂದು ಇರುತ್ತದೆ. ಲೆಕ್ಕ ಹಾಕುವಾಗ ಅದನ್ನು ಮರೆಯಬಾರದು.’

ನಿನ್ನ,
ಮೂರನೆಯವಳು